ಸಣ್ಣ ಉದ್ಯಮಗಳ ಜಾಲತಾಣ ಸುಧಾರಣೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಉದ್ಯಮಿಗಳಿಗೆ ಮಾಹಿತಿ

ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಲಿಂಬೆ ಉಪ್ಪಿನಕಾಯಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ, ಇಳಕಲ್ ಸೀರೆ ಮುಂತಾದವುಗಳನ್ನು ತಯಾರಿಸುವ ಅಥವಾ ಮಾರಾಟ ಮಾಡುವ ಸಣ್ಣ ಉದ್ಯಮಿಗಳು, ಖಾನಾವಳಿ ಹಾಗೂ ವಸತಿಗೃಹ ನಡೆಸುವವರು ತಮ್ಮ ಉದ್ಯಮಕ್ಕೆ ಜಾಲತಾಣವನ್ನು ಹೊಂದಿದ್ದರೂ ಅದರಿಂದ ನಿರೀಕ್ಷಿತ ಸಂಖ್ಯೆಯಲ್ಲಿ ಗ್ರಾಹಕರು ಬಾರದಿರುವುದು ಸಾಮಾನ್ಯವಾಗಿದೆ. ಇಂತಹ ಸಂದರ್ಭದಲ್ಲಿ ತಾಣವು ಅಂದವಾಗಿಲ್ಲವೆಂದು ಭಾವಿಸಿ ಹೊಸ ವಿನ್ಯಾಸಕ್ಕೆ ಹಣ ವೆಚ್ಚ ಮಾಡಲಾಗುತ್ತದೆ. ಆದರೆ ಬಹುತೇಕ ಪ್ರಕರಣಗಳಲ್ಲಿ ದೋಷವಿರುವುದು ಅಂದದಲ್ಲಲ್ಲ. ಊರಿನ ಹೆಸರು ಅಸ್ಪಷ್ಟವಾಗಿರುವುದು, ವಸ್ತುವಿನ ಹೆಸರು ದೂರದ ಗ್ರಾಹಕನಿಗೆ ತಿಳಿಯದಿರುವುದು, ಕನ್ನಡ ಅಕ್ಷರಗಳನ್ನು ಹುಡುಕುಯಂತ್ರಗಳು ಓದಲಾಗದಿರುವುದು ಹಾಗೂ ತಾಣದ ಹೆಸರೇ ಉದ್ಯಮಿಯ ಕೈಯಲ್ಲಿ ಇಲ್ಲದಿರುವುದು ಮುಖ್ಯ ಕಾರಣಗಳಾಗಿವೆ. ಇವುಗಳಲ್ಲಿ ಹೆಚ್ಚಿನವನ್ನು ಉದ್ಯಮಿಯು ಅಲ್ಪ ವೆಚ್ಚದಲ್ಲಿ ಸ್ವತಃ ಸರಿಪಡಿಸಿಕೊಳ್ಳಬಹುದಾಗಿದೆ. ತತ್ಸಂಬಂಧ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ತಾಣದ ಹೆಸರು ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ಪರಿಶೀಲಿಸುವುದು

ಯಾವುದೇ ಸುಧಾರಣೆ ಕೈಗೊಳ್ಳುವ ಮುನ್ನ ಉದ್ಯಮಿಯು ತಿಳಿಯಬೇಕಾದ ವಿಷಯವೆಂದರೆ ತಾಣದ ಹೆಸರಿನ, ಅಂದರೆ ಡೊಮೇನ್‌ನ, ನೋಂದಣಿದಾರರು ಯಾರು ಎಂಬುದು. ತಾಣವನ್ನು ನಿರ್ಮಿಸಿಕೊಟ್ಟ ವ್ಯಕ್ತಿಯೇ ತನ್ನ ಹೆಸರು, ತನ್ನ ಇ-ಮೇಲ್ ಹಾಗೂ ತನ್ನ ಮೊಬೈಲ್ ಸಂಖ್ಯೆ ನೀಡಿ ಹೆಸರನ್ನು ನೋಂದಾಯಿಸಿರುವ ನಿದರ್ಶನಗಳು ಅಪರೂಪವಲ್ಲ. ಅಂತಹ ಸಂದರ್ಭದಲ್ಲಿ ನವೀಕರಣದ ಸೂಚನೆಗಳು ಉದ್ಯಮಿಗೆ ತಲುಪುವುದಿಲ್ಲ. ನಿರ್ಮಿಸಿಕೊಟ್ಟವರು ಊರು ಬಿಟ್ಟರೆ, ವೃತ್ತಿ ಬದಲಿಸಿದರೆ ಅಥವಾ ಹಣದ ವಿಷಯದಲ್ಲಿ ಮನಸ್ತಾಪ ಉಂಟಾದರೆ ಅವಧಿ ಮುಗಿದ ದಿನ ತಾಣವು ನಿಲ್ಲುತ್ತದೆ. ಹೆಸರನ್ನು ಬೇರೆಯವರು ಪಡೆದುಕೊಳ್ಳಲೂಬಹುದು. ಅಂಗಡಿಯ ಫಲಕ, ಬಿಲ್ ಪುಸ್ತಕ, ಪೊಟ್ಟಣದ ಚೀಟಿ ಎಲ್ಲದರ ಮೇಲೆ ಮುದ್ರಿಸಿದ ವಿಳಾಸವು ಒಂದೇ ದಿನದಲ್ಲಿ ನಿರುಪಯುಕ್ತವಾಗುತ್ತದೆ. ಬಾಡಿಗೆ ಕರಾರಿಲ್ಲದೆ ಪರರ ಮಳಿಗೆಯಲ್ಲಿ ವ್ಯಾಪಾರ ನಡೆಸಿದಂತೆಯೇ ಇದು.

ಆದ್ದರಿಂದ ನೋಂದಣಿ ಸಂಸ್ಥೆಯ ಖಾತೆಯನ್ನು ಉದ್ಯಮಿಯ ಸ್ವಂತ ಹೆಸರು ಮತ್ತು ಸ್ವಂತ ಇ-ಮೇಲ್‌ಗೆ ಬದಲಾಯಿಸಿಕೊಳ್ಳತಕ್ಕದ್ದು. ನಿರ್ಮಿಸಿದವರಿಂದ ಖಾತೆಯ ಪ್ರವೇಶ ವಿವರಗಳನ್ನು ಅಥವಾ ವರ್ಗಾವಣೆ ಸಂಕೇತವನ್ನು ಲಿಖಿತವಾಗಿ ಕೇಳಿ ಪಡೆಯಬಹುದು. ಭಾರತದ ಡಾಟ್ ಇನ್ ಹೆಸರುಗಳ ನಿರ್ವಹಣೆಯು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸಂಸ್ಥೆಯ ಅಧೀನದಲ್ಲಿದ್ದು, ದುರುದ್ದೇಶದಿಂದ ಹೆಸರು ಹಿಡಿದಿಟ್ಟುಕೊಂಡ ಪ್ರಕರಣಗಳಿಗೆ ಸದರಿ ಸಂಸ್ಥೆಯ ವಿವಾದ ಪರಿಹಾರ ನೀತಿ ಜಾರಿಯಲ್ಲಿದೆ. ಆದರೆ ವಿವಾದಕ್ಕೆ ಹೋಗುವ ವೆಚ್ಚಕ್ಕಿಂತ ಆರಂಭದಲ್ಲಿಯೇ ಸ್ವಂತ ಹೆಸರಿನಲ್ಲಿ ನೋಂದಾಯಿಸುವುದು ಎಷ್ಟೋ ಅಗ್ಗ. ಹೊಸದಾಗಿ ತಾಣ ಮಾಡಿಸುವವರು ಹಣ ಪಾವತಿಸುವ ಮುನ್ನ ಈ ಒಂದು ಅಂಶವನ್ನು ಕಾಗದದಲ್ಲಿ ಬರೆಸಿಕೊಳ್ಳುವುದು ಸೂಕ್ತ.

ಉಚಿತ ತಾಣಗಳ ಬಗ್ಗೆಯೂ ಒಂದು ಎಚ್ಚರಿಕೆ. ಗೂಗಲ್ ಸಂಸ್ಥೆಯು ವ್ಯಾಪಾರ ಪ್ರೊಫೈಲ್ ಮೂಲಕ ಹಲವು ವರ್ಷ ಉಚಿತವಾಗಿ ನೀಡಿದ್ದ ಸಣ್ಣ ತಾಣಗಳನ್ನು 2024ರ ಮಾರ್ಚ್ ತಿಂಗಳಲ್ಲಿ ಸ್ಥಗಿತಗೊಳಿಸಿತು. ಆ ವಿಳಾಸಗಳನ್ನು ಒತ್ತಿದವರನ್ನು 2024ರ ಜೂನ್ 10ರವರೆಗೆ ಮಾತ್ರ ಪ್ರೊಫೈಲ್ ಪುಟಕ್ಕೆ ಕಳುಹಿಸಲಾಗುತ್ತಿತ್ತು. ಅಂದು ಫಲಕ ಬರೆಸಿದ ಅಂಗಡಿಗಳು ಆ ವಿಳಾಸವನ್ನು ಇನ್ನೂ ಅಳಿಸಿರದಿದ್ದರೆ ಕೂಡಲೇ ಬದಲಿಸುವುದು ಅಗತ್ಯ. ವ್ಯಾಪಾರ ಪ್ರೊಫೈಲ್ ಮಾತ್ರ ಉಚಿತವಾಗಿಯೇ ಮುಂದುವರಿದಿದೆ.

ಊರಿನ ಹೆಸರು ಹಾಗೂ ವಿಳಾಸ

2014ರ ನವೆಂಬರ್ 1ರಿಂದ ಬಿಜಾಪುರ ಜಿಲ್ಲೆಯ ಹೆಸರು ವಿಜಯಪುರ ಎಂದಾಯಿತು. ದೂರದ ಗ್ರಾಹಕರಲ್ಲಿ ಅನೇಕರು ಇಂದಿಗೂ ಹಳೆಯ ಹೆಸರಿನಿಂದಲೇ ಹುಡುಕುತ್ತಾರೆ. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣವಿದೆ. ಛತ್ತೀಸಗಢದಲ್ಲಿ ಬಿಜಾಪುರ ಎಂಬ ಜಿಲ್ಲೆಯೇ ಇದೆ. ಹೀಗಾಗಿ ಬರೀ ‘ವಿಜಯಪುರ’ ಎಂದು ಬರೆದ ತಾಣವು ಬೆಂಗಳೂರಿನ ಗ್ರಾಹಕನಿಗೆ ದೇವನಹಳ್ಳಿಯ ಸಮೀಪದ ಅಂಗಡಿಯಂತೆ ತೋರಬಹುದು. ತಾಲ್ಲೂಕು, ‘ವಿಜಯಪುರ (ಬಿಜಾಪುರ) ಜಿಲ್ಲೆ’, ಕರ್ನಾಟಕ ಹಾಗೂ ಪಿನ್ ಕೋಡ್ ಇವೆಲ್ಲವನ್ನೂ ಪ್ರತಿ ಪುಟದ ಅಡಿಯಲ್ಲಿ ಬರೆಯತಕ್ಕದ್ದು. ಇಂಡಿ ಪಟ್ಟಣಕ್ಕೆ 586209, ಸಿಂದಗಿಗೆ 586128, ಮುದ್ದೇಬಿಹಾಳಕ್ಕೆ 586212 ಹಾಗೂ ಬಸವನ ಬಾಗೇವಾಡಿಗೆ 586203 ಪಿನ್ ಕೋಡ್ ಇರುತ್ತದೆ.

ಇಂಗ್ಲಿಷ್ ಕಾಗುಣಿತದಲ್ಲಿಯೂ ಇದೇ ತೊಡಕು. ಇಂಡಿ ಎಂಬ ನಾಲ್ಕಕ್ಷರದ ಹೆಸರನ್ನು ಹುಡುಕುಯಂತ್ರವು ‘ಇಂಡಿಯಾ’ ಎಂದೋ ಸ್ವತಂತ್ರ ಸಿನಿಮಾ-ಸಂಗೀತಕ್ಕೆ ಹೇಳುವ ‘ಇಂಡೀ’ ಎಂದೋ ಗ್ರಹಿಸುವ ಸಂಭವವಿದೆ. ಸಿಂದಗಿಯನ್ನು ಎರಡು ಬಗೆಯಲ್ಲಿ ಬರೆಯುತ್ತಾರೆ. ಬಸವನ ಬಾಗೇವಾಡಿಯನ್ನು ಕೆಲವರು ‘ಬಿ. ಬಾಗೇವಾಡಿ’ ಎಂದೂ ಕೆಲವರು ಬರೀ ‘ಬಾಗೇವಾಡಿ’ ಎಂದೂ ಬರೆಯುವುದರಿಂದ ಬೆಳಗಾವಿ ತಾಲ್ಲೂಕಿನ ಹಿರೇಬಾಗೇವಾಡಿಯೊಡನೆ ಗೊಂದಲವಾಗುತ್ತದೆ. ಪೂರ್ಣ ಹೆಸರನ್ನು ಮುಖ್ಯವಾಗಿ ಬಳಸಿ, ರೂಢಿಯ ಇತರ ರೂಪಗಳನ್ನು ಪರಿಚಯದ ವಾಕ್ಯದಲ್ಲಿ ಒಮ್ಮೆ ನಮೂದಿಸಿದರೆ ಸಾಕು. ಹಿಂದೆ ಸದರಿ ನಾಲ್ಕು ತಾಲ್ಲೂಕುಗಳಿಗೆ ಸೇರಿದ್ದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಹಾಗೂ ಕೊಲ್ಹಾರ ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ ಅಲ್ಲಿನ ಉದ್ಯಮಿಗಳು ತಾಣದಲ್ಲಿ ಹಾಗೂ ನೋಂದಣಿ ದಾಖಲೆಗಳಲ್ಲಿ ಒಂದೇ ವಿಳಾಸ ಇರುವಂತೆ ನೋಡಿಕೊಳ್ಳುವುದು.

ನಕಾಶೆಯಲ್ಲಿ ಅಂಗಡಿಯ ಸ್ಥಾನವನ್ನು ಉದ್ಯಮಿಯೇ ಗುರುತಿಸಿ ದೃಢೀಕರಿಸಿಕೊಳ್ಳಬೇಕು. ಇಂಡಿ ರೋಡ್ ಹಾಗೂ ಬಸವನ ಬಾಗೇವಾಡಿ ರೋಡ್ ರೈಲು ನಿಲ್ದಾಣಗಳು ಆಯಾ ಪಟ್ಟಣಗಳಿಂದ ದೂರದಲ್ಲಿರುವ ಸಂಗತಿ ಸ್ಥಳೀಯರಿಗೆ ತಿಳಿದಿದ್ದರೂ ಹೊರಗಿನವರಿಗೆ ತಿಳಿದಿರುವುದಿಲ್ಲ. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿಗೆ ಬರುವ ಭಕ್ತರು ನಿಲ್ದಾಣದಲ್ಲಿ ಇಳಿದು ವಸತಿಗೃಹಕ್ಕೆ ನಡೆದೇ ಹೋಗಬಹುದೆಂದು ಎಣಿಸಿದರೆ ಆ ತೊಂದರೆಗೆ ತಾಣದ ಮೌನವೇ ಕಾರಣವಾಗುತ್ತದೆ. ನಿಲ್ದಾಣದಿಂದ, ಬಸ್ ನಿಲ್ದಾಣದಿಂದ ಹಾಗೂ ದೇವಸ್ಥಾನದಿಂದ ಇರುವ ದೂರ, ಖಾನಾವಳಿ ತೆರೆದಿರುವ ವೇಳೆ, ವಾರದ ರಜೆ, ಬಸವ ಜಯಂತಿ ಮತ್ತು ಶ್ರಾವಣ ಮಾಸದ ದಿನಗಳಲ್ಲಿ ಮುಂಗಡ ಕಾಯ್ದಿರಿಸುವ ಕ್ರಮ ಇವುಗಳನ್ನು ಮುಖಪುಟದಲ್ಲಿಯೇ ಕೊಡುವುದು. ಮಾಲೀಕರ ಭಾವಚಿತ್ರ ಹಾಗೂ ಶುಭಾಶಯಗಳು ಅದರ ನಂತರ ಬರಬಹುದು.

ವಸ್ತುವಿನ ಹೆಸರು: ಊರಿನ ಮಾತು ಮತ್ತು ಕೊಳ್ಳುವವರ ಮಾತು

ಈ ಭಾಗದ ತಾಣಗಳಲ್ಲಿ ಹೆಚ್ಚಿನ ಗಮನ ಬೇಕಾದ ವಿಷಯ ಇದಾಗಿದೆ. ಈ ಭಾಗದಲ್ಲಿ ಶೇಂಗಾ ಹಿಂಡಿ ಎಂದರೆ ರೊಟ್ಟಿಯೊಡನೆ ತಿನ್ನುವ ಖಾರದ ಪುಡಿ. ಮೈಸೂರು, ಮಂಡ್ಯ, ಹಾಸನದ ಕಡೆ ಹಿಂಡಿ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕರುಗಳಿಗೆ ಹಾಕುವ ಮೇವು. ಅಲ್ಲಿನ ಗ್ರಾಹಕರು ‘ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ದೊರೆಯುತ್ತದೆ’ ಎಂಬ ಪುಟವನ್ನು ಕಂಡು ಪಶು ಆಹಾರದ ಅಂಗಡಿಯೆಂದು ಮುಂದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಅವರು ಹುಡುಕುವುದು ‘ಕಡಲೆಕಾಯಿ ಚಟ್ನಿ ಪುಡಿ’. ಇಲ್ಲಿನ ಗುರೆಳ್ಳು ಅವರಿಗೆ ಹುಚ್ಚೆಳ್ಳು; ಇಲ್ಲಿನ ಲಿಂಬೆ ಅವರಿಗೆ ನಿಂಬೆ; ಇಲ್ಲಿನ ಉಳ್ಳಾಗಡ್ಡಿ ಅವರಿಗೆ ಈರುಳ್ಳಿ.

ಇದಕ್ಕಾಗಿ ಊರಿನ ಹೆಸರನ್ನು ಬಿಟ್ಟುಕೊಡಬೇಕಾಗಿಲ್ಲ. ಬಿಟ್ಟುಕೊಡಲೂಬಾರದು, ಪುಣೆ, ಮುಂಬಯಿ, ಗೋವಾ ಹಾಗೂ ಬೆಂಗಳೂರಿನಲ್ಲಿ ನೆಲೆಸಿರುವ ಇದೇ ಜಿಲ್ಲೆಯ ಕುಟುಂಬಗಳು ಹುಡುಕುವುದು ‘ಶೇಂಗಾ ಹಿಂಡಿ’ಯನ್ನೇ ಹೊರತು ಚಟ್ನಿ ಪುಡಿಯನ್ನಲ್ಲ. ‘ಶೇಂಗಾ ಹಿಂಡಿ – ರೊಟ್ಟಿ, ಅನ್ನದೊಡನೆ ತಿನ್ನುವ ಕಡಲೆಕಾಯಿ ಚಟ್ನಿ ಪುಡಿ, 250 ಗ್ರಾಂ’ ಎಂದು ಶೀರ್ಷಿಕೆ ನೀಡಿದರೆ ಇಬ್ಬರಿಗೂ ಅರ್ಥವಾಗುತ್ತದೆ, ಹುಡುಕುಯಂತ್ರಕ್ಕೂ ಎರಡೂ ಹೆಸರು ಸಿಗುತ್ತವೆ. ಮಹಾರಾಷ್ಟ್ರದ ಗಡಿಗೆ ಹೊಂದಿರುವ ಇಂಡಿ ಹಾಗೂ ಚಡಚಣ ಭಾಗದ ಉದ್ಯಮಿಗಳು ಸೋಲಾಪುರದ ಗ್ರಾಹಕರಿಗಾಗಿ ಮರಾಠಿಯಲ್ಲಿ ಒಂದು ಪುಟ ಸೇರಿಸುವುದು ಲಾಭದಾಯಕ. ಯಂತ್ರಾನುವಾದವನ್ನು ನೇರವಾಗಿ ಹಾಕದೆ ಮರಾಠಿ ಬಲ್ಲ ಪರಿಚಿತರೊಬ್ಬರಿಂದ ಓದಿಸಿ ಹಾಕುವುದು.

ಅಳತೆಯ ವಿಷಯವೂ ಹೀಗೆಯೇ. ಸಗಟು ಮಾರುಕಟ್ಟೆಯಲ್ಲಿ ಲಿಂಬೆಯನ್ನು ಸಾವಿರ ಹಣ್ಣಿನ ಲೆಕ್ಕದಲ್ಲಿ ಮಾರುವ ರೂಢಿಯಿದೆ. ನಗರದ ಗೃಹಿಣಿಗೆ ಬೇಕಾಗುವುದು ಹತ್ತಿಪ್ಪತ್ತು ಹಣ್ಣು ಅಥವಾ ಒಂದು ಕಿಲೋಗ್ರಾಂ. ಸಗಟು ದರ ಹಾಗೂ ಚಿಲ್ಲರೆ ದರಗಳನ್ನು ಬೇರೆ ಬೇರೆ ಪುಟಗಳಲ್ಲಿ ಕೊಟ್ಟು, ಲಿಂಬೆಯ ದರ ಬೇಸಿಗೆಯಲ್ಲಿ ಏರುವುದರಿಂದ ದರದ ಪಕ್ಕದಲ್ಲಿ ಅದು ಯಾವ ದಿನಾಂಕದ ದರ ಎಂದು ನಮೂದಿಸತಕ್ಕದ್ದು. ದಿನಾಂಕವಿಲ್ಲದ ದರಪಟ್ಟಿಯು ಜಗಳಕ್ಕೆ ದಾರಿ. ‘ದರಕ್ಕಾಗಿ ಸಂಪರ್ಕಿಸಿ’ ಎಂದು ಮಾತ್ರ ಬರೆಯುವ ಪದ್ಧತಿಯಂತೂ ದೂರದ ಗ್ರಾಹಕರನ್ನು ದೂರವೇ ಇಡುತ್ತದೆ.

ಇಳಕಲ್ ಸೀರೆ ಮಾರುವ ಮುದ್ದೇಬಿಹಾಳ ಭಾಗದ ಅಂಗಡಿಗಳು ಸೀರೆಯ ಉದ್ದ, ರವಿಕೆ ಬಟ್ಟೆ ಇದೆಯೋ ಇಲ್ಲವೋ, ಹತ್ತಿ-ರೇಷ್ಮೆಯ ಪ್ರಮಾಣ, ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದನ್ನು ಮರೆಮಾಚದೆ ಬರೆದು, ದಡಿ ಹಾಗೂ ಸೆರಗಿನ ನೇಯ್ಗೆ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆದ ಪ್ರತ್ಯೇಕ ಚಿತ್ರ ಹಾಕುವುದು.

ಇಂಡಿ ಲಿಂಬೆಯ ಹೆಸರನ್ನು ಬಳಸುವ ಬಗ್ಗೆ

ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇಳಕಲ್ ಸೀರೆಗೂ ಇಂತಹ ಮಾನ್ಯತೆ ಇದೆ. ಸರಕುಗಳ ಭೌಗೋಳಿಕ ಸೂಚಕ (ನೋಂದಣಿ ಮತ್ತು ಸಂರಕ್ಷಣೆ) ಅಧಿನಿಯಮ, 1999ರ ಮೇರೆಗೆ ಬೆಳೆಗಾರರು ಹಾಗೂ ಉತ್ಪಾದಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಲು ಚೆನ್ನೈನಲ್ಲಿರುವ ಭೌಗೋಳಿಕ ಸೂಚಕ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಹೀಗೆ ನೋಂದಾಯಿಸಿಕೊಂಡವರು ಆ ಸಂಗತಿಯನ್ನು ತಾಣದಲ್ಲಿ ತಿಳಿಸುವುದು ಜಾಹೀರಾತಿಗಿಂತ ಹೆಚ್ಚಿನ ಬೆಲೆಯುಳ್ಳದ್ದು. ಆದರೆ ಬೇರೆ ರಾಜ್ಯದಿಂದ ತರಿಸಿದ ಹಣ್ಣನ್ನು ಅಥವಾ ಅಂತಹ ಹಣ್ಣಿನ ಉಪ್ಪಿನಕಾಯಿಯನ್ನು ಇಂಡಿ ಲಿಂಬೆಯೆಂದು ತಾಣದಲ್ಲಿ ಪ್ರಕಟಿಸುವುದು ಕಾನೂನಿಗೆ ವಿರುದ್ಧ. ಒಬ್ಬರ ಇಂತಹ ನಡೆಯಿಂದ ಇಡೀ ತಾಲ್ಲೂಕಿನ ಬೆಳೆಗಾರರ ಹೆಸರಿಗೆ ಕುಂದುಂಟಾಗುತ್ತದೆ. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ವಿಜಯಪುರ ಜಿಲ್ಲೆಗೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ವಾಗಿ ಲಿಂಬೆಯನ್ನೇ ಆರಿಸಿದ್ದುದು ಈ ಹೆಸರಿಗಿರುವ ಬೆಲೆಯನ್ನು ತೋರಿಸುತ್ತದೆ.

ಕನ್ನಡ ಅಕ್ಷರ, ಚಿತ್ರಗಳು ಹಾಗೂ ಪುಟ ತೆರೆಯುವ ವೇಗ

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ನೇರವಾಗಿ ತಾಣಕ್ಕೆ ಅಂಟಿಸಿದರೆ, ಆ ವಿನ್ಯಾಸವಿಲ್ಲದ ಮೊಬೈಲ್‌ನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಹುಡುಕುಯಂತ್ರಕ್ಕೂ ಅದು ಕನ್ನಡವಲ್ಲ. ಮುದ್ರಣಾಲಯದಲ್ಲಿ ಮಾಡಿಸಿದ ಕರಪತ್ರದ ಪಠ್ಯವನ್ನೇ ತಾಣಕ್ಕೆ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡುವುದು ಅಥವಾ ಪರಿವರ್ತಕ ತಂತ್ರಾಂಶದಿಂದ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದುವುದು. ಇಡೀ ಕರಪತ್ರವನ್ನು ಚಿತ್ರವಾಗಿ ಹಾಕಿದರೂ ಫಲಿತಾಂಶ ಅಷ್ಟೇ. ಅದರೊಳಗಿನ ದೂರವಾಣಿ ಸಂಖ್ಯೆಯನ್ನು ಒತ್ತಿ ಕರೆ ಮಾಡಲು ಬರುವುದಿಲ್ಲ.

ಪುಟದ ಶೀರ್ಷಿಕೆಯಲ್ಲಿ ‘ಮುಖಪುಟ’ ಅಥವಾ ‘ಸುಸ್ವಾಗತ’ ಎಂದಷ್ಟೇ ಇದ್ದರೆ ಹುಡುಕಾಟದ ಫಲಿತಾಂಶದಲ್ಲಿಯೂ ಸಾಮಾನ್ಯವಾಗಿ ಅದೇ ಕಾಣುತ್ತದೆ. ‘ಲಿಂಬೆ ಉಪ್ಪಿನಕಾಯಿ ತಯಾರಕರು, ಇಂಡಿ, ವಿಜಯಪುರ (ಬಿಜಾಪುರ) ಜಿಲ್ಲೆ’ ಎಂಬಂತೆ ವಸ್ತು ಹಾಗೂ ಸ್ಥಳ ಎರಡೂ ಶೀರ್ಷಿಕೆಯಲ್ಲಿರಬೇಕು.

ಮೊಬೈಲ್‌ನಿಂದ ತೆಗೆದ ಒಂದು ಚಿತ್ರವು 4 ಎಂಬಿ ಇದ್ದು, ಅಂತಹ 10 ಚಿತ್ರಗಳನ್ನು ಹಾಗೆಯೇ ಹಾಕಿದರೆ ಪುಟವು 40 ಎಂಬಿ ಆಗುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದು ಪೂರ್ಣ ತೆರೆಯಲು 160 ಸೆಕೆಂಡು ಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಪ್ರತಿ ಚಿತ್ರವನ್ನು 150 ಕೆಬಿಗೆ ಇಳಿಸಿದಲ್ಲಿ ಅದೇ ಪುಟಕ್ಕೆ 6 ಸೆಕೆಂಡು ಸಾಕು. ವೇಗ ಪರೀಕ್ಷಿಸಲು ಪೇಜ್‌ಸ್ಪೀಡ್ ಇನ್‌ಸೈಟ್ಸ್, ಯಾವ ಪದಗಳಿಂದ ಜನ ತಾಣಕ್ಕೆ ಬರುತ್ತಿದ್ದಾರೆಂದು ತಿಳಿಯಲು ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸಾಧನಗಳಿವೆ. ವಿಳಾಸದ ಆರಂಭದಲ್ಲಿ ಸುರಕ್ಷಿತ ಸಂಪರ್ಕದ ವ್ಯವಸ್ಥೆ ಇಲ್ಲದ ತಾಣಗಳನ್ನು ಕ್ರೋಮ್ ಬ್ರೌಸರ್ 2018ರ ಜುಲೈನಿಂದ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತಿದೆ. ಇದರ ಪ್ರಮಾಣಪತ್ರ ಉಚಿತವಾಗಿ ದೊರೆಯುವುದರಿಂದ ತಾಣ ನಿರ್ವಹಿಸುವವರನ್ನು ಕೇಳಿ ಅಳವಡಿಸಿಕೊಳ್ಳುವುದು.

ಕಾನೂನಿನ ಮೇರೆಗೆ ತಾಣದಲ್ಲಿ ಇರಬೇಕಾದ ವಿವರಗಳು

ತಾಣದ ಮೂಲಕ ನೇರವಾಗಿ ಮಾರಾಟ ಮಾಡುವವರಿಗೆ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಅನ್ವಯಿಸುತ್ತವೆ. ಸದರಿ ನಿಯಮಗಳಂತೆ ಉದ್ಯಮದ ಕಾನೂನುಬದ್ಧ ಹೆಸರು, ವಿಳಾಸ, ಇ-ಮೇಲ್, ದೂರವಾಣಿ ಹಾಗೂ ಕುಂದುಕೊರತೆ ಅಧಿಕಾರಿಯ ವಿವರಗಳನ್ನು ಪ್ರಕಟಿಸತಕ್ಕದ್ದು. ಸಣ್ಣ ಅಂಗಡಿಯಲ್ಲಿ ಮಾಲೀಕರೇ ಈ ಹೊಣೆ ಹೊರಬಹುದು. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಸಾಗಾಣಿಕೆ ವೆಚ್ಚ, ವಸ್ತು ಹಿಂದಿರುಗಿಸುವ ಹಾಗೂ ಹಣ ಮರಳಿಸುವ ಷರತ್ತುಗಳು ಖರೀದಿಗೆ ಮುನ್ನವೇ ಕಾಣಬೇಕು. ರೊಟ್ಟಿ ಮುರಿದು ತಲುಪಿದರೆ, ಉಪ್ಪಿನಕಾಯಿ ಸೀಸೆ ಒಡೆದರೆ ಏನು ಮಾಡಲಾಗುವುದೆಂದು ಎರಡು ವಾಕ್ಯಗಳಲ್ಲಿ ಬರೆದ ತಾಣದ ಮೇಲೆ ಹೊಸ ಗ್ರಾಹಕರಿಗೆ ಬೇಗ ವಿಶ್ವಾಸ ಮೂಡುತ್ತದೆ.

ಪೊಟ್ಟಣ ಮಾಡಿದ ವಸ್ತುಗಳಿಗೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಮುಂತಾದವುಗಳನ್ನು ತಾಣದಲ್ಲಿಯೂ ತೋರಿಸುವುದು ಕಾನೂನು ಮಾಪನಶಾಸ್ತ್ರ ನಿಯಮಗಳಂತೆ 2018ರ ಜನವರಿ 1ರಿಂದ ಕಡ್ಡಾಯವಾಗಿದೆ. ಆಹಾರ ಪದಾರ್ಥ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆಯನ್ನು ತಾಣದಲ್ಲಿ ನಮೂದಿಸುವುದು. ಮನೆಯಲ್ಲಿಯೇ ರೊಟ್ಟಿ, ಹಿಂಡಿ ತಯಾರಿಸಿ ಮಾರುವ ಮಹಿಳೆಯರು ಹಾಗೂ ಸ್ವಸಹಾಯ ಸಂಘಗಳಿಗೂ ಈ ನೋಂದಣಿ ಅಗತ್ಯ. ಹೊರ ರಾಜ್ಯಕ್ಕೆ ತೆರಿಗೆಗೊಳಪಡುವ ಸರಕು ಮಾರುವವರು, ವಹಿವಾಟು ಕಡಿಮೆ ಇದ್ದರೂ ಸರಕು ಮತ್ತು ಸೇವಾ ತೆರಿಗೆ ನೋಂದಣಿ ಬೇಕಾಗುತ್ತದೆಯೇ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ಮೊದಲೇ ಕೇಳಿ ತಿಳಿಯುವುದು. ಸೋಲಾಪುರ ಎಷ್ಟೇ ಹತ್ತಿರವಿದ್ದರೂ ಲೆಕ್ಕಕ್ಕೆ ಅದು ಹೊರ ರಾಜ್ಯವೇ.

2020ರ ಜುಲೈ 1ರಿಂದ ಉದ್ಯಮ್ ನೋಂದಣಿ ಜಾರಿಯಲ್ಲಿದ್ದು, ಅದರ ಹಿಂದಿನ ಉದ್ಯೋಗ್ ಆಧಾರ್ ಸಂಖ್ಯೆ ಈಗ ಸಿಂಧುವಾಗಿಲ್ಲ. ತಾಣದಲ್ಲಿ ಹಳೆಯ ಸಂಖ್ಯೆ ಇದ್ದಲ್ಲಿ ಬದಲಿಸುವುದು. ಉದ್ಯಮ್ ನೋಂದಣಿಗೆ ಆಧಾರ್ ಹಾಗೂ ಪ್ಯಾನ್ ಸಂಖ್ಯೆ ಸಾಕು, ಸ್ವಯಂ ಘೋಷಣೆಯ ಮೇಲೆ ನೋಂದಣಿಯಾಗುತ್ತದೆ, ಯಾವುದೇ ಶುಲ್ಕವಿರುವುದಿಲ್ಲ. ಸರ್ಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳಲ್ಲಿ ಶುಲ್ಕ ಪಾವತಿಸದಂತೆ ಅರ್ಜಿದಾರರು ಎಚ್ಚರ ವಹಿಸುವುದು. ಸರ್ಕಾರಿ ತಾಣದ ವಿಳಾಸವು ಡಾಟ್ ಗವ್ ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆ.

ವೆಚ್ಚ ಮತ್ತು ಪ್ರತಿಫಲದ ಲೆಕ್ಕ

ತಾಣದಿಂದ ಲಾಭವಾಗುತ್ತಿದೆಯೇ ಎಂಬುದು ನೋಡುಗರ ಸಂಖ್ಯೆಯಿಂದ ತಿಳಿಯುವುದಿಲ್ಲ. ಕರೆ ಮಾಡಿದ ಪ್ರತಿ ಹೊಸ ಗ್ರಾಹಕರನ್ನು ‘ನಮ್ಮ ವಿಳಾಸ ತಮಗೆ ಎಲ್ಲಿ ದೊರೆಯಿತು’ ಎಂದು ಕೇಳಿ, ಕಿರ್ದಿ ಪುಸ್ತಕದಲ್ಲಿ ಒಂದು ಅಂಕಣ ಹಾಕಿ ಬರೆದಿಡುವುದು ಸುಲಭ ವಿಧಾನ. ಉದಾಹರಣೆಗೆ, ತಾಣದ ವಾರ್ಷಿಕ ವೆಚ್ಚ ರೂ. 6,000 ಇದ್ದು ವರ್ಷದಲ್ಲಿ ಅದರಿಂದ 40 ಹೊಸ ಗ್ರಾಹಕರು ಬಂದರೆ ಒಬ್ಬರಿಗೆ ರೂ. 150 ವೆಚ್ಚವಾದಂತಾಯಿತು. ಒಂದು ಪಾರ್ಸೆಲ್ಲಿನಲ್ಲಿ ಉಳಿಯುವ ಲಾಭ ರೂ. 60 ಮಾತ್ರವಾದರೆ, ಆ ಗ್ರಾಹಕರು ಕನಿಷ್ಠ ಮೂರು ಬಾರಿ ತರಿಸಿಕೊಂಡಾಗ ಮಾತ್ರ ವೆಚ್ಚ ಹುಟ್ಟುತ್ತದೆ. ಆದುದರಿಂದ ಹೊಸಬರನ್ನು ಸೆಳೆಯುವಷ್ಟೇ ಗಮನವನ್ನು ಹಳಬರಿಗೆ ಸಕಾಲದಲ್ಲಿ ಪಾರ್ಸೆಲ್ ಮುಟ್ಟಿಸುವುದಕ್ಕೂ ಕೊಡಬೇಕು.

‘ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ’ ಎಂದು ದೂರವಾಣಿಯಲ್ಲಿ ಹಣ ಕೇಳುವವರಿಗೆ ಪಾವತಿ ಮಾಡಬಾರದು. ಜಾಹೀರಾತಲ್ಲದ ಫಲಿತಾಂಶಗಳಲ್ಲಿ ಸ್ಥಾನವನ್ನು ಆ ಸಂಸ್ಥೆ ಮಾರುವುದಿಲ್ಲ. ಹಣ ಕೊಟ್ಟು ಬರೆಸಿದ ಸುಳ್ಳು ಪ್ರಶಂಸೆಗಳೂ ಪ್ರೊಫೈಲ್ ರದ್ದಾಗಲು ಕಾರಣವಾಗಬಹುದು. ಖಾತೆಯ ಗುಪ್ತಪದ ಅಥವಾ ಒಟಿಪಿಯನ್ನು ಯಾರಿಗೂ ತಿಳಿಸತಕ್ಕದ್ದಲ್ಲ. ಹಣ ಕಳೆದುಕೊಂಡ ಪಕ್ಷದಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡುವುದು.

ಸಂಪರ್ಕ

ಉದ್ಯಮ್ ನೋಂದಣಿ, ವಿಳಾಸ ಬದಲಾವಣೆ ಹಾಗೂ ಉದ್ಯಮಿಗಳಿಗಿರುವ ಯೋಜನೆಗಳ ಬಗ್ಗೆ ವಿಜಯಪುರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದು. ವಿಚಾರಣೆಗೆ ಬರುವವರು ಆಧಾರ್ ಮತ್ತು ಪ್ಯಾನ್ ಪ್ರತಿ, ಆಧಾರ್‌ಗೆ ಜೋಡಣೆಯಾದ ಮೊಬೈಲ್, ಈಗಿರುವ ನೋಂದಣಿ ಪತ್ರಗಳು ಹಾಗೂ ತಾಣದ ಹೆಸರು ನೋಂದಾಯಿಸಿದ ರಸೀದಿ ಇದ್ದಲ್ಲಿ ಅದನ್ನೂ ತರತಕ್ಕದ್ದು.